ನಿಮಗಿದು ಗೊತ್ತೆ? ಇಲಿಪಾಷಾಣವೇ ಲಕ್ವಕ್ಕೆ ತಡೆ!

ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆ ಏಟ್ರಿಯಲ್ ಫಿಬ್ರಿಲೇಷನ್. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಅಪಾಯ ಸುಮಾರು ಐದು ಪಟ್ಟು ಹೆಚ್ಚು.

ಇದನ್ನು ತಡೆಯುವ ವಾರ್ಫರಿನ್ 1948ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ! ಮನುಷ್ಯರಿಗೆ ಅನುಮತಿ ಸಿಕ್ಕಿದ್ದು 1954ರಲ್ಲಿ. ಈ ಮಾತ್ರೆ ಲಕ್ವದ ಅಪಾಯವನ್ನು ಸುಮಾರು ಮೂರನೇ ಎರಡು ಭಾಗ, ಸಾವಿನ ಅಪಾಯವನ್ನು ಕಾಲು ಭಾಗದಷ್ಟು ತಗ್ಗಿಸುತ್ತದೆ. ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಅದು ಸಾಮಾನ್ಯವಾಗಿ 2ರಿಂದ 3ರೊಳಗಿರಬೇಕು. ಸೊಪ್ಪು ಈ ಮಾತ್ರೆಯ ಪರಿಣಾಮವನ್ನು ತಗ್ಗಿಸುವುದರಿಂದ, ಒಂದು ವಾರ ಅದನ್ನು ಮುಟ್ಟದೆ, ಮರುವಾರ ದಿನವೂ ಪಾಲಕ್ ಪಲ್ಯ ತಿಂದರೆ ಲೆಕ್ಕ ತಪ್ಪುತ್ತದೆ.

ಈ ಕಾಟವಿಲ್ಲದ ಹೊಸ ಮಾತ್ರೆಗಳು ಬಂದಾಗ ಹಳೆಯದರ ಕಾಲ ಮುಗಿಯಿತು ಎಂದೇ ಅನ್ನಿಸಿತ್ತು. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ (ನಮ್ಮ ದೇಶದಲ್ಲಿ ಅಂಥವರು ಕಡಿಮೆಯೇನಿಲ್ಲ) ಹಾಗಾಗಲಿಲ್ಲ. 24 ದೇಶಗಳ ಇಂಥ ಸುಮಾರು ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೊಸ ರಿವರೋಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಮಾತ್ರೆ ನುಂಗಿದವರಲ್ಲೇ ಸಾವು ಕಡಿಮೆ, ರಕ್ತಸ್ರಾವವೂ ಹೆಚ್ಚಿರಲಿಲ್ಲ. ವಿಚಿತ್ರವೆಂದರೆ, ಕಡಿಮೆಯಾದದ್ದು ಮುಖ್ಯವಾಗಿ ಲಕ್ವದ ಸಾವುಗಳಲ್ಲ; ಹಠಾತ್ ಹೃದಯಸ್ತಂಭನ ಮತ್ತು ಹೃದಯ ವೈಫಲ್ಯದ ಸಾವುಗಳು.