ಮಲ್ಲಿಗೆಯ ದರವೂ ಮೊಬೈಲಿನ ವಾರ್ತೆಯೂ

ಉಡುಪಿ ಜಿಲ್ಲೆಯ ಕಾಪುವಿನ ಬಳಿ ಶಂಕರಪುರವುಂಟು. ಅಲ್ಲಿಯ ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾರುವರು. ಭತ್ತದಂತೆ ಕಣಜದಲ್ಲಿಟ್ಟು ಒಳ್ಳೆಯ ಧಾರಣೆಗಾಗಿ ಕಾಯುವಂತಿಲ್ಲ; ಹೂವು ಬಾಡಿದರೆ ಬೆಲೆಯೂ ಹೋಯಿತು. ಮಳೆಗೆ ಇಳುವರಿ ಕುಗ್ಗುವುದು, ಮದುವೆ-ಹಬ್ಬಗಳಿಗೆ ಬೇಡಿಕೆ ಹಿಗ್ಗುವುದು. ಆದುದರಿಂದ ಒಂದು ‘ಅಟ್ಟೆ’ಯ, ಎಂದರೆ ನಾಲ್ಕು ಚೆಂಡಿನ, ದರವು ದಿನದಿನವೂ ಹೊಸದಾಗಿ ನಿಶ್ಚಯವಾಗುತ್ತದೆ. ಹಿಂದೆ ಬಾಯಿಮಾತಿನಲ್ಲಿ ಹರಡುತ್ತಿದ್ದ ಈ ವಾರ್ತೆ ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಮನೆಮನೆಗೆ ತಲಪುತ್ತದೆ.

ಇದರಿಂದ ಲಾಭವೇನು? ಕೇರಳದ ಕರಾವಳಿಗೆ 1997ರಿಂದ 2001ರೊಳಗೆ ಮೊಬೈಲು ಬಂದಾಗ ಮೀನುಗಾರರು ಕಡಲಿನಿಂದಲೇ ದರ ವಿಚಾರಿಸಿ ದಡವನ್ನು ಆರಿಸಿಕೊಂಡರು. ಊರೂರಿನ ದರಗಳ ಅಂತರ ತಗ್ಗಿತೆಂದು ರಾಬರ್ಟ್ ಜೆನ್ಸನ್ 2007ರಲ್ಲಿ ತೋರಿಸಿದರು. ಮಲ್ಲಿಗೆಯ ದರವಾದರೋ ಒಂದೇ ಕಡೆ ನಿಶ್ಚಯವಾಗುವುದು. ವಾರ್ತೆಯು ಬೆಳೆಗಾರರನ್ನು ವಂಚನೆಯಿಂದ ಕಾಪಾಡೀತು. ಒಳ್ಳೆಯ ಬೆಲೆ ಬರಬೇಕಾದರೆ ಕೊಳ್ಳುವವರ ಎರಡನೆಯ ಬಾಗಿಲೂ ತೆರೆದಿರಬೇಕು.