ಸಣ್ಣ ಪೆಟ್ಟಿಗೆ, ದೊಡ್ಡ ಮಂದಿರ

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಎಂಬ ಊರಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇಲ್ಲಿ ನೆಲೆಗೊಂಡ ಮೇಲೆ ಈ ಊರಿನ ಹೆಸರು ದೂರದವರಿಗೂ ಪರಿಚಿತವಾಗಿದೆ. ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆ ತತ್ತ್ವಪದಗಳ ಸೀಮೆ. ಕಡಕೋಳದ ಮಡಿವಾಳಪ್ಪನವರಂಥ ಅನುಭಾವಿಗಳ ಪದಗಳನ್ನು ಏಕತಾರಿ, ತಾಳಗಳೊಡನೆ ಹಾಡುವವರು ಇಲ್ಲಿ ಇಂದಿಗೂ ಇದ್ದಾರೆ. ಈ ಜಿಲ್ಲೆ ಕಲ್ಲಿಗೂ ಹೆಸರಾದುದು. ಶಹಾಬಾದಿನ ನುಣುಪಾದ ಚಪ್ಪಡಿಗಳನ್ನು ಹಾಸದ ಮನೆ, ಗುಡಿ, ಶಾಲೆಗಳು ಈ ಭಾಗದಲ್ಲಿ ವಿರಳ. ಹಾಡಿಗೂ ಕಲ್ಲಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ, ಅದು ಅಷ್ಟೇನೂ ಸ್ನೇಹದ ಸಂಬಂಧವಲ್ಲ.

ಈ ಸೀಮೆಯ ಒಂದು ಹಳ್ಳಿಯ ಸಭಾಮಂದಿರವನ್ನು ಕಲ್ಪಿಸಿಕೊಳ್ಳಿ. ಉದ್ದ 15 ಮೀಟರು, ಅಗಲ 10 ಮೀಟರು, ಎತ್ತರ 4 ಮೀಟರು. ನೆಲಕ್ಕೆ ಶಹಾಬಾದಿನ ಕಲ್ಲು, ಗೋಡೆಗೆ ಸಿಮೆಂಟಿನ ಗಿಲಾವು, ಮೇಲೆ ಕಾಂಕ್ರೀಟಿನ ತಾರಸಿ. ತೀರಿಹೋದ ಹಿರಿಯ ಹಾಡುಗಾರರೊಬ್ಬರ ಧ್ವನಿಮುದ್ರಣವನ್ನು ಕೇಳಲು ಜನ ಸೇರಿದ್ದಾರೆ. ಯಾರದೋ ಮನೆಯಿಂದ ಎರಡು ಸಣ್ಣ ಹೈ-ಫೈ ಧ್ವನಿಪೆಟ್ಟಿಗೆಗಳನ್ನು ತಂದಿದ್ದಾರೆ. ಮನೆಯ ಕೋಣೆಯಲ್ಲಿ ಆ ಪೆಟ್ಟಿಗೆಗಳು ಎಷ್ಟು ಇಂಪಾಗಿ ನುಡಿಯುತ್ತಿದ್ದವು! ಇಲ್ಲಿಯಾದರೋ ಹಿಂದಿನ ಸಾಲಿನವರಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಯಾರೋ ಎದ್ದು ಗುಂಡಿಯನ್ನು ತಿರುಗಿಸಿ ದನಿಯನ್ನು ಏರಿಸುತ್ತಾರೆ. ಗದ್ದಲ ಹೆಚ್ಚುತ್ತದೆ, ಮಾತು ಮಾತ್ರ ಮೊದಲಿನಷ್ಟೇ ಮಸುಕು. ತತ್ತ್ವಪದದಲ್ಲಿ ಮಾತು ಹೋದರೆ ಉಳಿಯುವುದೇನು? ಇನ್ನೊಮ್ಮೆ ಹಾಡಿರೆಂದು ಕೇಳಲು ಆ ಹಾಡುಗಾರರೂ ಇಲ್ಲ.

ಇದಕ್ಕೆ ಕಾರಣವೇನು? ಮೊದಲನೆಯ ಕಾರಣ ದೂರ. ಪೆಟ್ಟಿಗೆಯಿಂದ ಹೊರಟ ಧ್ವನಿ ಹರಡುತ್ತ ಹೋಗುತ್ತದೆ. ದೂರ ಎರಡರಷ್ಟಾದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ, ಎಂದರೆ 6 ಡೆಸಿಬೆಲ್‌ನಷ್ಟು, ಇಳಿಯುತ್ತದೆ. ಮನೆಯಲ್ಲಿ 3 ಮೀಟರು ದೂರದಲ್ಲಿ ಕೇಳುತ್ತಿದ್ದವರು ಮಂದಿರದಲ್ಲಿ 12 ಮೀಟರು ದೂರದಲ್ಲಿ ಕುಳಿತರೆ ಅವರಿಗೆ ದೊರೆಯುವುದು ಹದಿನಾರನೆಯ ಒಂದು ಪಾಲು ಮಾತ್ರ. ಆ ಕೊರತೆಯನ್ನು ತುಂಬಲು 10 ವ್ಯಾಟ್ ಇದ್ದಲ್ಲಿ 160 ವ್ಯಾಟ್ ಬೇಕು. ಸಣ್ಣ ಪೆಟ್ಟಿಗೆ ಅದನ್ನು ತಾಳಲಾರದು. ವರ್ಧಕವನ್ನು ಅದರ ಶಕ್ತಿ ಮೀರಿ ದುಡಿಸಿದರೆ ಧ್ವನಿ ಒಡೆಯುತ್ತದೆ. ತಾರಸ್ವರಗಳನ್ನು ನುಡಿಸುವ ಚಿಕ್ಕ ಭಾಗ ಸುಟ್ಟುಹೋಗುವುದೂ ಉಂಟು.

ಆದರೆ ನಿಜವಾದ ಅಪರಾಧಿ ದೂರವಲ್ಲ, ಮಂದಿರವೇ. ಧ್ವನಿಯು ಕಲ್ಲು, ಗಿಲಾವು, ತಾರಸಿಗಳಿಗೆ ತಾಗಿ ಮತ್ತೆ ಮತ್ತೆ ಹಿಂದಿರುಗುತ್ತದೆ. ಪೆಟ್ಟಿಗೆ ಸುಮ್ಮನಾದ ಮೇಲೂ ಸ್ವಲ್ಪ ಹೊತ್ತು ಉಳಿಯುವ ಈ ಧ್ವನಿಗೆ ಅನುರಣನ ಎಂದು ಹೆಸರು. ನಮ್ಮ ಮಾತಿನಲ್ಲಿ ಸ್ವರಾಕ್ಷರಗಳು ದೀರ್ಘವೂ ಬಲವೂ ಆದವು. ಕ, ತ, ಪ, ಸ ಮುಂತಾದ ವ್ಯಂಜನಗಳು ಕ್ಷಣಮಾತ್ರ ಇದ್ದು ಹೋಗುವ ದುರ್ಬಲ ಸದ್ದುಗಳು. ಹಿಂದಿನ ಸ್ವರದ ಅನುರಣನವು ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಆಗ ಕಾಲ, ಸಾಲ, ಬಾಲ ಎಂಬ ಮೂರೂ ಪದಗಳು ಹಿಂದಿನ ಸಾಲಿನವರಿಗೆ ‘ಆಲ’ ಎಂದೇ ಕೇಳಿಸುತ್ತವೆ. ದನಿಯನ್ನು ಏರಿಸಿದರೆ ನೇರ ಧ್ವನಿಯೊಡನೆ ಅನುರಣನವೂ ಅಷ್ಟೇ ಏರುವುದರಿಂದ ಪ್ರಯೋಜನವಿಲ್ಲ. ಬರಿದಾದ ಇಂಥ ಮಂದಿರದಲ್ಲಿ ಪೆಟ್ಟಿಗೆಯಿಂದ ಒಂದು ಮೀಟರಿನಷ್ಟು ಸರಿದೊಡನೆಯೇ ನೇರ ಧ್ವನಿಗಿಂತ ಅನುರಣನದ ಕೈ ಮೇಲಾಗುತ್ತದೆ.

ನೆರೆಯ ವಿಜಯಪುರದ ಗೋಲಗುಂಬಜವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಹಮ್ಮದ್ ಆದಿಲ್ ಶಾಹನ ಆ ಗೋರಿಯ ಗುಮ್ಮಟದೊಳಗೆ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಬಾರಿ ಮರುನುಡಿಯುತ್ತದೆ. ಗೋಡೆಯ ಬಳಿ ಪಿಸುಗುಟ್ಟಿದ್ದು ಸುಮಾರು 38 ಮೀಟರು ಆಚೆಯ ಎದುರು ಗೋಡೆಯ ಬಳಿ ಕೇಳುತ್ತದೆ. 1920ರ ದಶಕದ ಆರಂಭದಲ್ಲಿ ಸಿ. ವಿ. ರಾಮನ್ನರು ಇಂಥ ಪಿಸುಮಾತಿನ ಮೊಗಸಾಲೆಗಳನ್ನು ಕುರಿತು ಸಂಶೋಧನೆ ನಡೆಸಿದರು. ನೋಡಲು ಬಂದವರಿಗೆ ಅದು ವಿನೋದ. ಆದರೆ ಅಲ್ಲಿ ನಿಂತು ಒಂದು ಪಾಠ ಹೇಳಿ ನೋಡಿ!

ಅನುರಣನವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್. ಅಲ್ಲಿಯ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಅಧ್ಯಾಪಕರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಸದ್ದು ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತಿತ್ತು. 1895ರಲ್ಲಿ ಇದನ್ನು ಸರಿಪಡಿಸುವ ಕೆಲಸ ತರುಣ ಸೇಬಿನ್ನರ ಪಾಲಿಗೆ ಬಂತು. ಅವರು ಊರು ಮಲಗಿದ ರಾತ್ರಿಗಳಲ್ಲಿ ಬೇರೊಂದು ರಂಗಮಂದಿರದ ಆಸನಗಳ ದಿಂಬುಗಳನ್ನು ಹೊತ್ತು ತಂದು, ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತ, ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ಅದರ ಸದ್ದು ಅಡಗುವ ಕಾಲವನ್ನು ಅಳೆದರು. ಅವರಿಗಿದ್ದ ಮುಖ್ಯ ಉಪಕರಣ ಅವರ ಕಿವಿಯೇ. ತೆರೆದ ಕಿಟಕಿಯಿಂದ ಹೊರಹೋದ ಧ್ವನಿ ಮರಳುವುದಿಲ್ಲವಾದ್ದರಿಂದ, ಹೀರಿಕೆಯನ್ನು ಅಳೆಯಲು ಅವರು ತೆರೆದ ಕಿಟಕಿಯನ್ನೇ ಮಾನವಾಗಿ ಇಟ್ಟುಕೊಂಡರು. ಅವರು ಕಂಡ ನಿಯಮ ಸರಳವಾದುದು: ಮಂದಿರದ ಘನ ಅಳತೆಯನ್ನು 0.16ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಧ್ವನಿಯು ತನ್ನ ತೀವ್ರತೆಯ ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಯಲು ಬೇಕಾದ ಕಾಲವಿದು.

ನಮ್ಮ ಮಂದಿರಕ್ಕೆ ಈ ಲೆಕ್ಕವನ್ನು ಹಚ್ಚೋಣ. ಘನ ಅಳತೆ 600 ಘನ ಮೀಟರು, 0.16ರಿಂದ ಗುಣಿಸಿದರೆ 96. ನೆಲ, ಗೋಡೆ, ತಾರಸಿ ಸೇರಿ 500 ಚದರ ಮೀಟರು; ಇಂಥ ಗಟ್ಟಿ ಮೈ ನೂರಕ್ಕೆ ಮೂರರಷ್ಟು ಹೀರುವುದೆಂದರೆ 15 ಚದರ ಮೀಟರು ತೆರೆದ ಕಿಟಕಿಗೆ ಸಮ. ಎಲ್ಲವನ್ನೂ ಮುಚ್ಚಿದಾಗ ಅನುರಣನದ ಕಾಲ 6.4 ಸೆಕೆಂಡು. 10 ಚದರ ಮೀಟರಿನಷ್ಟು ಬಾಗಿಲು ಕಿಟಕಿಗಳನ್ನು ತೆರೆದರೆ ಅದು 4 ಸೆಕೆಂಡಿಗಿಂತ ಕಡಿಮೆಯಾಗುತ್ತದೆ. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಹೀರುತ್ತಾನೆ. 80 ಜನ ಬಂದು ಕುಳಿತರೆ ಕಾಲವು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ತುಂಬಿದ ಸಭೆಯಲ್ಲಿ ಹಾಡು ಚೆನ್ನಾಗಿ ಕೇಳುವುದು ಕೇವಲ ಉತ್ಸಾಹದ ಮಾತಲ್ಲವೆಂದು ಇದರಿಂದ ತಿಳಿಯಬಹುದು. ಇನ್ನು 40 ಚದರ ಮೀಟರಿನಷ್ಟು ಕಂಬಳಿ, ಕೌದಿಗಳನ್ನು ಗೋಡೆಗೆ ತೂಗುಹಾಕಿ. ಅವು ಅರ್ಧದಷ್ಟು ಹೀರಿದರೂ ಕಾಲವು ಒಂದು ಸೆಕೆಂಡಿಗೆ ಹತ್ತಿರವಾಗುತ್ತದೆ. ಮಾತು ಸ್ಪಷ್ಟವಾಗಲು ಅಷ್ಟು ಸಾಕು. ಬಟ್ಟೆಯನ್ನು ಗೋಡೆಗೆ ಅಂಟಿಸದೆ, ಒಂದು ಗೇಣು ಬಿಟ್ಟು, ನೆರಿಗೆ ನೆರಿಗೆಯಾಗಿ ಇಳಿಬಿಡಬೇಕು. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಗಿಂತ ಅಗ್ಗದ ಧ್ವನಿಶೋಷಕ ನನಗಂತೂ ತೋರದು.

ಮಂದಿರವನ್ನು ಹೀಗೆ ಸಜ್ಜುಗೊಳಿಸಿದ ಮೇಲೆ ಪೆಟ್ಟಿಗೆಗಳ ಸ್ಥಾನ. ಅವುಗಳನ್ನು ಕಿರಿದಾದ ಗೋಡೆಯ ಬಳಿ ಇಟ್ಟರೆ ಕಡೆಯವರು 15 ಮೀಟರು ದೂರ ಉಳಿಯುತ್ತಾರೆ. ಉದ್ದನೆಯ ಗೋಡೆಯ ನಡುವೆ ಇಟ್ಟು ಜನರನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿದರೆ ಎಲ್ಲರೂ ಹತ್ತಿರವಾಗುತ್ತಾರೆ. ತಾರಸ್ವರಗಳು ದೀಪದ ಬೆಳಕಿನಂತೆ ನೇರವಾಗಿ ಸಾಗುವುದರಿಂದ ಪೆಟ್ಟಿಗೆಯ ಮುಖ ಕೇಳುಗರ ಕಡೆಗಿರಬೇಕು. ಜನ ನೆಲದ ಮೇಲೆ ಕುಳಿತಿದ್ದರೆ ಮುಂದಿನವರ ತಲೆಗಳಿಗಿಂತ ತುಸು ಎತ್ತರದಲ್ಲಿಟ್ಟು ಹಿಂದಿನ ಸಾಲಿನತ್ತ ಬಾಗಿಸಬೇಕು. ಪೊಳ್ಳಾದ ಮೇಜು ಬೇಡ, ಅದೂ ಅದುರಿ ದನಿಗೂಡಿಸುತ್ತದೆ.

ಮಂದ್ರಸ್ವರದ ವಿಷಯದಲ್ಲಿ ಸಣ್ಣ ಪೆಟ್ಟಿಗೆಯ ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ಆವೃತ್ತಿ ಅರ್ಧಕ್ಕೆ ಇಳಿದರೆ ಅಷ್ಟೇ ಬಲದ ಸದ್ದಿಗಾಗಿ ಅದರ ಪೊರೆ ನಾಲ್ಕರಷ್ಟು ದೂರ ಚಲಿಸಬೇಕು. ಅಂಗೈಯಗಲದ ಪೊರೆಗೆ ಅದು ಅಸಾಧ್ಯ. ಪೆಟ್ಟಿಗೆಯನ್ನು ಗೋಡೆಗೆ ಒಂದು ಗೇಣಿನಷ್ಟು ಹತ್ತಿರ ಸರಿಸಿದರೆ ಗೋಡೆಯೇ ಮಂದ್ರವನ್ನು ಮುಂದಕ್ಕೆ ತಳ್ಳಿ ನೆರವಾಗುತ್ತದೆ. ಮೂಲೆಗೆ ತಳ್ಳಿದರೆ ಮಾತ್ರ ಡಗ್ಗದ ಪೆಟ್ಟುಗಳೆಲ್ಲ ಒಂದೇ ಗುಂಯ್‌ಗುಟ್ಟುವಿಕೆಯಾಗಿ ಹಾಡುಗಾರನ ಮಾತನ್ನು ನುಂಗುತ್ತವೆ.

ಎಲ್ಲವನ್ನೂ ಅಣಿಮಾಡಿದ ಮೇಲೆ ಒಂದು ಪರೀಕ್ಷೆ ಮಾಡಬಹುದು. ಆ ಪದವನ್ನು ಎಂದೂ ಕೇಳಿರದ ಒಬ್ಬ ಹುಡುಗನನ್ನು ಕಡೆಯ ಸಾಲಿನಲ್ಲಿ ಕೂರಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಅವನ ಹಾಳೆಯಲ್ಲಿ ಖಾಲಿ ಉಳಿದ ಜಾಗಗಳನ್ನು ಎಣಿಸಿ, ಇನ್ನೊಂದು ಕೌದಿಯನ್ನು ತೂಗುಹಾಕಿ ಮತ್ತೆ ಬರೆಯಿಸಿ.