ಜೀರ್ಣನಾಳದ ಭಿತ್ತಿಯ ನಾಲ್ಕು ಪದರಗಳು

ಶವಚ್ಛೇದನ ಶಾಲೆಯಲ್ಲಿ ಜೀರ್ಣನಾಳವನ್ನು ಮೊದಲ ಸಲ ಕಾಣುವ ವಿದ್ಯಾರ್ಥಿಗೆ ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಇವು ಆಕಾರದಲ್ಲಿಯೂ ಕಾರ್ಯದಲ್ಲಿಯೂ ತೀರ ಭಿನ್ನವಾದ ಅಂಗಗಳೆಂದು ತೋರುವುದು ಸಹಜ. ಆದರೆ ಇವುಗಳ ಭಿತ್ತಿಯನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರೆ, ಎಲ್ಲೆಡೆಯಲ್ಲಿಯೂ ನಾಲ್ಕು ಪದರಗಳ ಒಂದೇ ವಿನ್ಯಾಸವು ಗೋಚರಿಸುತ್ತದೆ. ಈ ಪದರಗಳ ಮಹತ್ತ್ವವು ವಿನ್ಯಾಸವು ಬದಲಾಗುವ ಅಥವಾ ಕೊರತೆಪಡುವ ಎಡೆಗಳಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತದೆ.

ಎಲ್ಲಕ್ಕೂ ಒಳಗಿನದು ಲೋಳೆಪೊರೆ. ಅನ್ನನಾಳದಲ್ಲಿ ಇದರ ಮೇಲ್ಮೈಯು ಹಲವು ಸಾಲುಗಳ ಚಪ್ಪಟೆ ಜೀವಕೋಶಗಳಿಂದಾಗಿದೆ. ನುಂಗಿದ ತುತ್ತಿನ ಉಜ್ಜುವಿಕೆಯನ್ನು ಅದು ತಾಳಬೇಕಷ್ಟೆ. ಜಠರದಿಂದ ಮುಂದೆ ಕಂಬದಾಕಾರದ ಜೀವಕೋಶಗಳ ಒಂದೇ ಸಾಲು ಇರುತ್ತದೆ. ಸಣ್ಣ ಕರುಳಿನಲ್ಲಿ ಈ ಪೊರೆಯು ಬೆರಳಿನಂಥ ಅಸಂಖ್ಯ ಅಂಕುರಗಳಾಗಿ ಮೇಲೆದ್ದು, ಆಹಾರಸಾರವನ್ನು ಹೀರುವ ಕ್ಷೇತ್ರವನ್ನು ಬಹಳವಾಗಿ ಹೆಚ್ಚಿಸುತ್ತದೆ. ಸವೆದುಹೋಗುವ ಈ ಹೊದಿಕೆಯ ಜೀವಕೋಶಗಳು ಕೆಲವೇ ದಿನಗಳಲ್ಲಿ ಹೊಸದಾಗುತ್ತಿರುತ್ತವೆ.

ಎರಡನೆಯದು ಲೋಳೆಪೊರೆಯ ಕೆಳಗಣ ಸಂಯೋಜಕ ಊತಕದ ಪದರ. ರಕ್ತನಾಳಗಳು ಮತ್ತು ಮೈಸ್ನರನ ಹೆಸರಿನ ನರಜಾಲ ಇಲ್ಲಿವೆ. ನೋಟಕ್ಕೆ ಸಾಮಾನ್ಯವಾದ ಈ ಪದರವೇ ಭಿತ್ತಿಗೆ ಬಲವನ್ನೀಯುವುದು. ಕರುಳನ್ನು ಕೂಡಿಸಿ ಹೊಲಿಯುವಾಗ ದಾರವು ಈ ಪದರವನ್ನು ಹಿಡಿಯದಿದ್ದರೆ ಹೊಲಿಗೆ ನಿಲ್ಲದೆಂಬುದನ್ನು ಅಮೆರಿಕದ ಶಸ್ತ್ರವೈದ್ಯ ಹಾಲ್ಸ್ಟೆಡ್ ನಾಯಿಗಳ ಮೇಲಿನ ಪ್ರಯೋಗಗಳಿಂದ 1887ರಲ್ಲಿ ತೋರಿಸಿದನು.

ಮೂರನೆಯದು ಸ್ನಾಯುಪದರ. ಒಳಗೆ ನಾಳವನ್ನು ಬಳಸಿರುವ ತಂತುಗಳು, ಹೊರಗೆ ಉದ್ದುದ್ದನೆಯ ತಂತುಗಳು. ಆಹಾರವನ್ನು ಅರೆಯಬೇಕಾದ ಜಠರದಲ್ಲಿ ಇವುಗಳ ಒಳಗಡೆ ಓರೆಯಾದ ತಂತುಗಳೂ ಉಂಟು. ಒಳ ಹೊರ ತಂತುಗಳ ನಡುವೆ ಔಎರ್ಬಾಕನ ನರಜಾಲವಿದೆ. ಹೊರಗಿನಿಂದ ಬರುವ ನರಗಳನ್ನು ಕಡಿದರೂ ಕರುಳು ಪ್ರಚೋದನೆಯ ಮೇಲ್ಭಾಗದಲ್ಲಿ ಸಂಕುಚಿಸಿ ಕೆಳಭಾಗದಲ್ಲಿ ಸಡಿಲುವುದನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ವರ್ಣಿಸಿದರು. ಆಹಾರವನ್ನು ಮುಂದಕ್ಕೆ ನೂಕುವ ಕ್ರಿಯೆಗೆ ಭಿತ್ತಿಯೊಳಗಣ ನರಜಾಲವೇ ಆಧಾರವೆಂಬುದು ಇದರಿಂದ ತಿಳಿಯಿತು.

ಈ ನರಕೋಶಗಳಿಲ್ಲದಿದ್ದರೆ ಆಗುವುದೇನು? ದೊಡ್ಡ ಕರುಳು ವಿಪರೀತವಾಗಿ ಹಿಗ್ಗಿ ಮಡಿದ ಶಿಶುಗಳ ವೃತ್ತಾಂತವನ್ನು ಡೆನ್ಮಾರ್ಕಿನ ವೈದ್ಯ ಹರ್ಷ್‌ಸ್ಪ್ರುಂಗ್ 1886ರಲ್ಲಿ ಮಂಡಿಸಿದನು. ಹಿಗ್ಗಿದ ಭಾಗವೇ ರೋಗಸ್ಥಾನವೆಂದು ತೋರುವುದು ಸಹಜ. ಆದರೆ ದೋಷವಿರುವುದು ಅದರ ಕೆಳಗೆ, ನರಕೋಶಗಳಿಲ್ಲದ ಭಾಗದಲ್ಲಿ. ಭ್ರೂಣದಲ್ಲಿ ನರಕೋಶಗಳ ಮೂಲಕೋಶಗಳು ಕರುಳಿನ ಮೇಲಿನಿಂದ ಕೆಳಕ್ಕೆ ವಲಸೆ ಬರುವಾಗ ಕೊನೆಯನ್ನು ಮುಟ್ಟದೆ ನಿಂತುಬಿಡುವುದೇ ಇದಕ್ಕೆ ಕಾರಣ. ಆ ಭಾಗವು ಸಡಿಲದಿರುವುದರಿಂದ ಮೇಲಿನ ಆರೋಗ್ಯವಂತ ಕರುಳು ಹಿಗ್ಗುತ್ತದೆ. ಈ ತಿಳಿವಳಿಕೆಯ ಮೇಲೆ, ನರಕೋಶಗಳಿಲ್ಲದ ಭಾಗವನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಸ್ವೆನ್ಸನ್ 1948ರಲ್ಲಿ ಪ್ರಕಟಿಸಿದನು. ಅಂದಿನಿಂದ ಅನೇಕ ಮಕ್ಕಳು ಬದುಕುಳಿದಿದ್ದಾರೆ.

ನಾಲ್ಕನೆಯದಾದ ಹೊರಪೊರೆಯು ನುಣುಪಾಗಿದ್ದು, ಕರುಳಿನ ಸುರುಳಿಗಳು ಒಂದರ ಮೇಲೊಂದು ಜಾರಲು ನೆರವಾಗುತ್ತದೆ. ಎದೆಯಲ್ಲಿರುವ ಅನ್ನನಾಳಕ್ಕೆ ಈ ಪೊರೆಯಿಲ್ಲ. ಸಡಿಲವಾದ ಸಂಯೋಜಕ ಊತಕ ಮಾತ್ರವೇ ಅದನ್ನು ಸುತ್ತಿರುತ್ತದೆ. ಅನ್ನನಾಳದ ಹೊಲಿಗೆ ಸೋರುವ ಅಪಾಯವು ಹೆಚ್ಚೆನ್ನಲು, ಅಲ್ಲಿಯ ಅರ್ಬುದವು ನೆರೆಯ ಅಂಗಗಳಿಗೆ ಬೇಗ ಹಬ್ಬಲು ಇದೂ ಒಂದು ಕಾರಣ.

ನಾಲ್ಕು ಪದರಗಳ ಹೆಸರನ್ನು ಪರೀಕ್ಷೆಗಾಗಿ ಒಪ್ಪಿಸುವುದು ಕಷ್ಟವಲ್ಲ. ಗಾಜಿನ ಪಟ್ಟಿಯ ಮೇಲಿನ ಛೇದವನ್ನು ನೋಡುವಾಗ ಇಲ್ಲಿ ಯಾವ ಪದರ ದಪ್ಪವಾಗಿದೆ, ಯಾವುದು ತೆಳುವಾಗಿದೆ, ಯಾವುದು ಇಲ್ಲವೇ ಇಲ್ಲ, ಏತಕ್ಕೆ ಎಂದು ವಿದ್ಯಾರ್ಥಿಯು ಕೇಳಿಕೊಂಡರೆ, ಆ ಛೇದವು ನಾಳದ ಯಾವ ಭಾಗದ್ದೆಂಬುದೂ ಅದರ ಕಾರ್ಯವೇನೆಂಬುದೂ ತಾವಾಗಿಯೇ ತಿಳಿದುಬರುತ್ತವೆ.